ಬರಿಗಾಲಲ್ಲಿ ಮೊದಲ ರೇಸ್: ಅಂಗಾಲು ಗಟ್ಟಿಯಾದರೆ ಸಾಕಾ?

ಪ್ರಶ್ನೆ: ನನಗೆ 34 ವರ್ಷ. ಗಂಗಾವತಿಯಲ್ಲಿ ಶಿಕ್ಷಕಿ. ಎರಡು ವರ್ಷ ಶೂ ಹಾಕಿಕೊಂಡು ಓಡುತ್ತಿದ್ದೆ, ಮೊಣಕಾಲು ನೋಯುತ್ತಿತ್ತು. ಮೂರು ತಿಂಗಳಿಂದ ಬರಿಗಾಲಲ್ಲಿ ಓಡುತ್ತಿದ್ದೇನೆ. ವಾರಕ್ಕೆ ಮೂರು ದಿನ, ಕಾಲುವೆ ದಂಡೆಯ ಗರಸಿನ ರಸ್ತೆಯಲ್ಲಿ. ಜಾಸ್ತಿ ಅಂದರೆ 6 ಕಿ.ಮೀ. ಈಗ ಅಂಗಾಲು ಗಟ್ಟಿಯಾಗಿದೆ, ಕಡಿ ಚುಚ್ಚಿದರೂ ಅಷ್ಟು ಗೊತ್ತಾಗುವುದಿಲ್ಲ. ಜನವರಿ ಕೊನೆಗೆ ಬಳ್ಳಾರಿಯಲ್ಲಿ ಒಂದು ಓಟ ಇದೆ. 5 ಕಿ.ಮೀ. ಇದೆ, 10 ಕಿ.ಮೀ. ಇದೆ. ಇನ್ನೂ ಏಳು ವಾರ ಸಮಯ ಇದೆ. 10ಕ್ಕೆ ಹೆಸರು ಕೊಡುವ ಆಸೆ. ನಮ್ಮ ಮನೆಯವರು 'ಅವತ್ತೊಂದು ದಿನ ಶೂ ಹಾಕ್ಕೋ' ಅನ್ನುತ್ತಾರೆ. ದಾರಿಯಲ್ಲಿ ಸಿಕ್ಕವರು 'ಹರಕೆ ಏನಾದ್ರೂ ಇದೆಯಾ ಟೀಚರ್' ಅಂತ ಕೇಳುತ್ತಾರೆ. ನಾನು ಬರಿಗಾಲಲ್ಲೇ ಓಡಬಹುದಾ? ಏನೇನು ತಯಾರಿ ಬೇಕು?

ಉತ್ತರ: ಓಡಬಹುದು, ಖಂಡಿತ ಓಡಿ. ಆದರೆ ಈ ಸಲ 10 ಬೇಡ, 5ಕ್ಕೆ ಹೆಸರು ಕೊಡಿ.

ಬೇಜಾರಾಗಬೇಡಿ. ಕಾರಣ ನಿಮ್ಮ ಪತ್ರದಲ್ಲೇ ಇದೆ. ಬರಿಗಾಲು ಶುರುವಾಗಿ ಮೂರೇ ತಿಂಗಳು. ಓಡಿದ್ದೆಲ್ಲ ಗರಸಿನ ಮೇಲೆ. ಅತಿ ಉದ್ದದ ಓಟ 6 ಕಿ.ಮೀ. ನಿಮ್ಮ ಚರ್ಮ ತಯಾರಾಗಿದೆ, ಒಳಗಿನ ಮೂಳೆ ಇನ್ನೂ ತಯಾರಾಗಿಲ್ಲ. ಹೊಸದಾಗಿ ಬರಿಗಾಲಲ್ಲಿ ಓಡುವವರು ಮುಳ್ಳಿಗೆ, ಗಾಜಿಗೆ ಹೆದರುತ್ತಾರೆ. ಆದರೆ ಅವರನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸುವುದು ಬೇಗ ಬೇಗ ಏರಿಸಿಕೊಂಡ ಕಿಲೋಮೀಟರುಗಳು.

ಅಂಗಾಲಿನ ಚರ್ಮ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಮೀನಖಂಡದ ಸ್ನಾಯುವಿಗೆ ಅದಕ್ಕಿಂತ ಜಾಸ್ತಿ ಸಮಯ ಬೇಕು. ಹಿಮ್ಮಡಿಯ ಹಿಂದೆ ಹಗ್ಗದ ಹಾಗೆ ಕೈಗೆ ಸಿಗುತ್ತದಲ್ಲ, ಅಕಿಲಿಸ್ ಸ್ನಾಯುರಜ್ಜು, ಅದು ಇನ್ನೂ ನಿಧಾನ. ಮೂಳೆಯದು ಬೇರೆಯೇ ಲೆಕ್ಕ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ. ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸುವುದಕ್ಕೆ ಕೆಲವು ವಾರ ಸಾಕು. ಕಟ್ಟುವುದಕ್ಕೆ ತಿಂಗಳುಗಳೇ ಬೇಕು. ಹಾಗಾಗಿ ನಡುವೆ ಸ್ವಲ್ಪ ಕಾಲ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಚರ್ಮ ಗಟ್ಟಿಯಾಗಿ ಧೈರ್ಯ ಬಂದುಬಿಡುತ್ತದೆ.

ಒಂದು ಪಾದದಲ್ಲಿ 26 ಮೂಳೆಗಳಿವೆ. ಇವುಗಳಲ್ಲಿ ನೀವು ಹುಷಾರಾಗಿ ನೋಡಿಕೊಳ್ಳಬೇಕಾದ್ದು ಎರಡನೇ ಮತ್ತು ಮೂರನೇ ಬೆರಳಿನ ಹಿಂದಿನ ಉದ್ದ ಮೂಳೆಗಳನ್ನು. ಶೂ ಹಾಕಿ ಓಡುವಾಗ ಹೆಚ್ಚಿನವರು ಹಿಮ್ಮಡಿ ಮೊದಲು ಊರುತ್ತಾರೆ. ಬರಿಗಾಲಲ್ಲಿ ಹಾಗೆ ಊರಿದರೆ ನೋಯುತ್ತದೆ. ಅದಕ್ಕೆ ಪಾದದ ಮುಂಭಾಗ ತಾನಾಗಿಯೇ ಮೊದಲು ನೆಲ ಮುಟ್ಟುತ್ತದೆ. ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ ಮತ್ತು ಅವರ ತಂಡ 2010ರಲ್ಲಿ ತೋರಿಸಿಕೊಟ್ಟಿದ್ದು ಇದನ್ನೇ. ಹೀಗೆ ಊರಿದಾಗ ಹಿಮ್ಮಡಿ ನೆಲಕ್ಕೆ ಬಡಿಯುವ ಆ ಚುರುಕಾದ ಏಟು ತಪ್ಪುತ್ತದೆ. ನಿಮ್ಮ ಮೊಣಕಾಲು ನೋವು ಕಡಿಮೆಯಾಗಿದ್ದರೆ ಇದೂ ಒಂದು ಕಾರಣ ಇರಬಹುದು. ಆದರೆ ಭಾರ ಎಲ್ಲಿಗೂ ಮಾಯವಾಗುವುದಿಲ್ಲ. ಮೊಣಕಾಲಿನಿಂದ ಇಳಿದು ಮೀನಖಂಡಕ್ಕೆ, ಅಕಿಲಿಸ್‌ಗೆ, ಪಾದದ ಮುಂದಿನ ಮೂಳೆಗಳಿಗೆ ಹೋಗುತ್ತದೆ. ಓಡುವಾಗ ಒಂದೊಂದು ಹೆಜ್ಜೆಗೂ ಮೈಭಾರದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ನೀವು 10 ಕಿ.ಮೀ.ಯನ್ನು ಒಂದೂಕಾಲು ಗಂಟೆಯಲ್ಲಿ ಓಡಿದಿರಿ, ನಿಮಿಷಕ್ಕೆ 170 ಹೆಜ್ಜೆ ಇಟ್ಟಿರಿ ಅಂದುಕೊಳ್ಳಿ. ಒಂದೊಂದು ಕಾಲಿಗೂ 6 ಸಾವಿರಕ್ಕಿಂತ ಜಾಸ್ತಿ ಏಟು.

ಅಮೆರಿಕದಲ್ಲಿ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿ ಬಳಸಿದ್ದು ಪೂರ್ತಿ ಬರಿಗಾಲಲ್ಲ, ಬೆರಳು ಬೆರಳಿಗೆ ಕವಚ ಇರುವ ತೆಳು ಅಡಿಯ ಶೂ. ಮಾಮೂಲಿ ಶೂನಲ್ಲಿ ಓಡುತ್ತಿದ್ದವರನ್ನು 10 ವಾರಗಳಲ್ಲಿ ನಿಧಾನವಾಗಿ ಆ ಶೂಗೆ ಬದಲಾಯಿಸಿದರು. ಕೊನೆಗೆ ಎಂಆರ್‌ಐ ಮಾಡಿದರು. 19 ಜನರಲ್ಲಿ 10 ಜನರ ಪಾದದ ಮೂಳೆಗಳಲ್ಲಿ ಬಾವು ಹೆಚ್ಚಿತ್ತು. ಮೂಳೆ ಬಿರುಕು ಬಿಡುವ ಮೊದಲು ಕಾಣುವ ಲಕ್ಷಣ ಅದು. ನಿಮ್ಮ ಮೂರು ತಿಂಗಳು ಅಂದರೆ ಹೆಚ್ಚುಕಡಿಮೆ ಅಷ್ಟೇ ವಾರ. ಅದಕ್ಕೇ 5 ಅಂತ ಹಟ ಹಿಡಿಯುತ್ತಿದ್ದೇನೆ.

'ನಮ್ಮ ಕಡೆ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ, ಅಂಜನಾದ್ರಿಯ 575 ಮೆಟ್ಟಿಲು ಬರಿಗಾಲಲ್ಲೇ ಹತ್ತಿಳಿಯುತ್ತಾರೆ, ಅವರಿಗೆ ಏನೂ ಆಗುವುದಿಲ್ಲವಲ್ಲ' ಅಂತ ನಿಮಗೆ ಅನ್ನಿಸಬಹುದು. ಆದರೆ ನಡೆಯುವಾಗ ಒಂದು ಕಾಲಾದರೂ ಯಾವಾಗಲೂ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಮೈ ಗಾಳಿಗೆ ಎದ್ದು ಒಂದೇ ಕಾಲಿನ ಮೇಲೆ ಇಳಿಯುತ್ತದೆ. ಚಿಕ್ಕಂದಿನಿಂದ ಬರಿಗಾಲಲ್ಲಿ ಹೊಲದಲ್ಲಿ ದುಡಿದವರ ಪಾದವೂ ಬೇರೆ, ವರ್ಷಗಟ್ಟಲೆ ಶೂ ಒಳಗಿದ್ದ ನಮ್ಮ ಪಾದವೂ ಬೇರೆ.

ನಿಮ್ಮ ಪತ್ರದ ಒಂದು ಮಾತು ನನಗೆ ಕಸಿವಿಸಿ ಮಾಡಿತು. ಕಡಿ ಚುಚ್ಚಿದರೂ ಅಷ್ಟು ಗೊತ್ತಾಗುವುದಿಲ್ಲ ಅಂದಿದ್ದೀರಿ. ಚರ್ಮ ದಪ್ಪವಾದರೆ ಸ್ಪರ್ಶ ಕಡಿಮೆಯಾಗುತ್ತದೆ ಅಂತ ನಾವೆಲ್ಲ ತಿಳಿದಿದ್ದೇವೆ. 2019ರಲ್ಲಿ ಕೀನ್ಯಾದ ಜನರ ಅಂಗಾಲುಗಳನ್ನು ಅಳೆದು ನೋಡಿದಾಗ ಹಾಗೆ ಕಾಣಲಿಲ್ಲ. ಬರಿಗಾಲಲ್ಲಿ ಬೆಳೆದವರ ದಡ್ಡುಗಟ್ಟಿದ ಅಂಗಾಲಿಗೂ ನೆಲದ ಸ್ಪರ್ಶ ಅಷ್ಟೇ ಚೆನ್ನಾಗಿ ಗೊತ್ತಾಗುತ್ತಿತ್ತು. ನಿಮಗೆ ನೋವು ಕಡಿಮೆಯಾಗಿದೆ, ಆದರೆ ಕಡಿ ಇದೆ ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತಿದೆ ಅಂದರೆ ಚಿಂತೆ ಇಲ್ಲ. ಕಾಲು ಹಗುರವಾಗಿ ಊರುವುದನ್ನು ಕಲಿತಿದೆ ಅಂತ ಅರ್ಥ. ಸ್ಪರ್ಶವೇ ಮಂದವಾಗಿದ್ದರೆ, ಜೋಮು ಹಿಡಿದಂತೆ, ಇರುವೆ ಹರಿದಂತೆ ಆಗುತ್ತಿದ್ದರೆ ಓಟ ನಿಲ್ಲಿಸಿ. ಮೊದಲು ಸಕ್ಕರೆ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಬರಿಗಾಲಲ್ಲಿ ಓಡುವ ಮಾತೇ ಬೇಡ. ಗಾಯ ಆಗಿದ್ದು ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಕೀವು ತುಂಬಿರುತ್ತದೆ.

ಇನ್ನು ತಯಾರಿ. ಈ ಏಳು ವಾರದಲ್ಲಿ ನಿಮ್ಮ ದೊಡ್ಡ ಕೆಲಸ ದೂರ ಹೆಚ್ಚಿಸುವುದಲ್ಲ, ನೆಲ ಬದಲಾಯಿಸುವುದು. ಕಾಲುವೆ ದಂಡೆಯ ಗರಸು ಪಾದಕ್ಕೆ ಹಿತ. ಅಲ್ಲಿ ಒಂದು ಹೆಜ್ಜೆ ಹೀಗೆ ಬಿದ್ದರೆ ಇನ್ನೊಂದು ಹಾಗೆ ಬೀಳುತ್ತದೆ, ಏಟು ಹಂಚಿಹೋಗುತ್ತದೆ. ಡಾಂಬರು ಸಮ, ಪ್ರತಿ ಹೆಜ್ಜೆಯೂ ಒಂದೇ ಜಾಗಕ್ಕೆ ಬೀಳುತ್ತದೆ. ಅದರ ಗಟ್ಟಿತನಕ್ಕೆ ಜನ ಹೆದರುತ್ತಾರೆ, ಆದರೆ ಕಾಲನ್ನು ಹೆಚ್ಚು ಕಾಡುವುದು ಒರಟುತನ. ಹೊಸ ಡಾಂಬರು ನುಣುಪಾಗಿರುತ್ತದೆ. ಹಳೆಯದರಲ್ಲಿ ಡಾಂಬರು ಸವೆದು ಕಡಿಯ ಮೊನೆಗಳು ಎದ್ದಿರುತ್ತವೆ. ಸಿ.ಸಿ. ರಸ್ತೆಯಲ್ಲಿ ಇನ್ನೊಂದು ಸಮಸ್ಯೆ: ಜಾರದಿರಲಿ ಅಂತ ಕಾಂಕ್ರೀಟ್ ಹಸಿ ಇರುವಾಗಲೇ ಅಡ್ಡಡ್ಡ ಗೀರಿದ ಗೆರೆಗಳು ಚರ್ಮವನ್ನು ಉಜ್ಜುತ್ತವೆ. ಬಳ್ಳಾರಿ ಊರೊಳಗೆ ಓಟ ಅಂದರೆ ಈ ಮೂರೂ ಸಿಗುವ ಸಾಧ್ಯತೆ ಇದೆ.

ಹಾಗಾಗಿ ವಾರದ ಮೂರು ಓಟ ಹಾಗೇ ಇರಲಿ. ಅದರಲ್ಲಿ ಒಂದನ್ನು ಡಾಂಬರಿಗೆ ಹಾಕಿ. ಮೊದಲ ವಾರ ಒಂದೂವರೆ ಕಿ.ಮೀ. ಸಾಕು. 'ಇಷ್ಟೇನಾ' ಅನ್ನಿಸುತ್ತದೆ, ಆದರೂ ಅಷ್ಟಕ್ಕೇ ನಿಲ್ಲಿಸಿ. ಮಾರನೇ ದಿನ ಕಾಲು ಏನು ಹೇಳುತ್ತದೆ ನೋಡಿ. ಹೀಗೇ ವಾರಕ್ಕೆ ಅರ್ಧ ಅರ್ಧ ಕಿ.ಮೀ. ಏರಿಸುತ್ತಾ ಹೋದರೆ ಆರನೇ ವಾರದ ಹೊತ್ತಿಗೆ ಡಾಂಬರಿನ ಮೇಲೆ ಮೂರೂವರೆಯಿಂದ ನಾಲ್ಕು ಕಿ.ಮೀ. ಆಗುತ್ತದೆ. 5ರ ಓಟಕ್ಕೆ ಅದು ಸಾಕು. ಡಾಂಬರಿನಲ್ಲಿ ಎಷ್ಟು ಏರಿಸುತ್ತೀರೋ ಅಷ್ಟು ದಂಡೆಯ ಮೇಲೆ ಇಳಿಸಿ. ನಾಲ್ಕನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ, ಮೂಳೆಗೆ ಉಸಿರಾಡಲು ಬಿಡಿ. ರೇಸ್ ವಾರದಲ್ಲಿ ಎರಡು ಸಣ್ಣ ಓಟ ಮಾತ್ರ. ಹಿಂದಿನ ದಿನ ಏನೂ ಬೇಡ. ಎರಡು ಓಟಗಳ ನಡುವೆ ಒಂದು ದಿನ ಬಿಡುವುದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಗಂಗಾವತಿ ಸುತ್ತ ಡಿಸೆಂಬರಿನಲ್ಲಿ ರಸ್ತೆ ಮೇಲೆ ಭತ್ತ ಒಣಗಲು ಹಾಕಿರುತ್ತಾರೆ. ಅದರ ಮೇಲೆ ಕಾಲು ಜಾರುತ್ತದೆ, ಕಾಳಿನ ಮೊನೆ ಬೆರಳ ಸಂದಿಗೆ ಚುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಒಬ್ಬರ ವರ್ಷದ ದುಡಿಮೆ. ಬಳಸಿಕೊಂಡು ಹೋಗಿ. ಕಾಲುವೆಯ ಸೇತುವೆಗಳ ಹತ್ತಿರ ಬಾಟಲಿ ಚೂರು ಇರುತ್ತವೆ, ಅಲ್ಲಿ ನಡೆದುಬಿಡಿ.

ಓಡುವ ರೀತಿಯ ಬಗ್ಗೆ ಒಂದೇ ವಿಷಯ ಹೇಳುತ್ತೇನೆ, ಏಕೆಂದರೆ ಉಳಿದದ್ದನ್ನು ನೆಲವೇ ಕಲಿಸುತ್ತದೆ. ಮುಂಭಾಗ ಮೊದಲು ಊರಬೇಕು ಅಂತ ಕೇಳಿದವರು ಹಿಮ್ಮಡಿಯನ್ನು ಮೇಲೆತ್ತಿಕೊಂಡೇ ಓಡುತ್ತಾರೆ, ತುದಿಗಾಲಲ್ಲಿ. ಇದು ತಪ್ಪು. ಪಾದದ ಹೊರ ಅಂಚಿನ ಮುಂಭಾಗ ಮೊದಲು ಮುಟ್ಟಲಿ, ಆಮೇಲೆ ಹಿಮ್ಮಡಿಯೂ ಮೆಲ್ಲಗೆ ನೆಲ ಮುಟ್ಟಿ ಏಳಲಿ. ಹಿಮ್ಮಡಿ ಇಳಿಯದಿದ್ದರೆ ಮೀನಖಂಡಕ್ಕೆ ಬಿಡುವೇ ಇಲ್ಲ, ಅಕಿಲಿಸ್ ಊದುತ್ತದೆ. ಹೆಜ್ಜೆ ಚಿಕ್ಕದಿರಲಿ, ಮೈಯ ಕೆಳಗೇ ಬೀಳಲಿ. ಸರಿ ಇದೆಯೋ ಇಲ್ಲವೋ ಅಂತ ತಿಳಿಯಲು ಕಿವಿ ಸಾಕು. ಪಟ್ ಪಟ್ ಅಂತ ಸದ್ದು ಬರುತ್ತಿದ್ದರೆ ಕಾಲು ಬಡಿಯುತ್ತಿದ್ದೀರಿ ಅಂತ ಲೆಕ್ಕ.

ಬೊಬ್ಬೆಗಳನ್ನೂ ಓದಲು ಕಲಿಯಿರಿ. ನೇರವಾಗಿ ಊರಿ ನೇರವಾಗಿ ಎತ್ತಿದ ಪಾದಕ್ಕೆ ಬೊಬ್ಬೆ ಬರುವುದು ಕಡಿಮೆ, ಉಜ್ಜಿದರೆ ಮಾತ್ರ ಬರುತ್ತದೆ. ಹೆಬ್ಬೆರಳ ತುದಿಯಲ್ಲಿ ಬಂದರೆ ನೆಲವನ್ನು ಹಿಂದಕ್ಕೆ ಒದ್ದು ಓಡುತ್ತಿದ್ದೀರಿ. ಬೆರಳುಗಳ ಬುಡದಲ್ಲಿ ಬಂದರೆ ಕಾಲನ್ನು ತುಂಬಾ ಮುಂದೆ ಊರಿ ಬ್ರೇಕ್ ಹಾಕುತ್ತಿದ್ದೀರಿ, ಇಲ್ಲವೇ ತಿರುಚುತ್ತಿದ್ದೀರಿ.

ಪ್ರತಿ ಓಟದ ನಂತರ ರಾತ್ರಿ ಒಂದು ಪರೀಕ್ಷೆ ಮಾಡಿ. ಎರಡು ನಿಮಿಷದ ಕೆಲಸ. ಕುರ್ಚಿ ಮೇಲೆ ಕೂತು ಒಂದು ಪಾದವನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ತೋರುಬೆರಳ ತುದಿಯಿಂದ ಪಾದದ ಮೇಲ್ಭಾಗವನ್ನು ಒತ್ತುತ್ತಾ ಬನ್ನಿ. ಒಂದೊಂದು ಉದ್ದ ಮೂಳೆಯ ಮೇಲೂ, ಬೆರಳ ಬುಡದಿಂದ ಗಿಣ್ಣಿನ ಕಡೆಗೆ. ಎಲ್ಲೂ ನೋವಿಲ್ಲದಿದ್ದರೆ ಸರಿ. ಅಲ್ಲಲ್ಲಿ, ಎರಡೂ ಕಾಲಲ್ಲಿ ಒಂದೇ ಥರ ಮಂದವಾದ ನೋವಿದ್ದು ಎರಡು ಮೂರು ದಿನದಲ್ಲಿ ಹೋದರೂ ಸರಿ, ಅದು ಸ್ನಾಯು. ಆದರೆ ಬೆರಳ ತುದಿಯಷ್ಟೇ ಅಗಲದ ಒಂದು ಜಾಗದಲ್ಲಿ, ಮೂಳೆಯ ಮೇಲೇ, ಒತ್ತಿದ ಕೂಡಲೇ ಅಯ್ಯೋ ಅನ್ನಿಸುವಷ್ಟು ನೋವಿದ್ದರೆ ಓಟ ಅವತ್ತೇ ಬಂದ್. ಮೇಲೆ ಸ್ವಲ್ಪ ಊದಿದ್ದರಂತೂ ಅನುಮಾನವೇ ಬೇಡ. ಸೈನಿಕರಲ್ಲಿ ಕವಾಯತಿನಿಂದ ಬರುವ ಮೂಳೆ ಬಿರುಕು ಇದೇ ಜಾಗದಲ್ಲಿ ಬರುತ್ತದೆ. ಮೂಳೆ ಡಾಕ್ಟರ ಬಳಿ ಹೋಗಿ, ಬರಿಗಾಲಲ್ಲಿ ಓಡುತ್ತಿದ್ದೇನೆ, ಶುರುಮಾಡಿ ಇಷ್ಟು ತಿಂಗಳಾಯಿತು ಅಂತ ಸರಿಯಾಗಿ ಹೇಳಿ. ಇಲ್ಲದಿದ್ದರೆ ಉಳುಕು ಅಂದುಕೊಳ್ಳುತ್ತಾರೆ. ಈ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಅಂತ ಮತ್ತೆ ಓಡಲು ಹೋಗಬೇಡಿ. ಶುರುವಿನಲ್ಲೇ ನಿಲ್ಲಿಸಿದರೆ ಆರರಿಂದ ಎಂಟು ವಾರದಲ್ಲಿ ಕೂಡುತ್ತದೆ. ನೋವು ನುಂಗಿಕೊಂಡು ಓಡಿದರೆ ಬಿರುಕು ಪೂರ್ತಿ ಮುರಿತವಾಗುತ್ತದೆ.

ಇನ್ನು ಮನೆಯವರ ಮಾತು. ಅವತ್ತೊಂದು ದಿನ ಶೂ ಹಾಕ್ಕೋ ಅನ್ನುವುದು ಕಾಳಜಿಯ ಮಾತು. ಆದರೆ ದಪ್ಪ ಅಡಿಯ ಶೂ ಹಾಕಿದ ಕೂಡಲೇ ನಿಮ್ಮ ಹೆಜ್ಜೆ ಮತ್ತೆ ಉದ್ದವಾಗುತ್ತದೆ. ಮೂರು ತಿಂಗಳಿಂದ ಅಭ್ಯಾಸ ತಪ್ಪಿದ ಕೆಲಸವನ್ನು ಮೊಣಕಾಲಿಗೆ ರೇಸ್ ದಿನವೇ ಕೊಟ್ಟ ಹಾಗಾಗುತ್ತದೆ. ಹೊಸ ಶೂ ಕೊಂಡು ಹಾಕಿಕೊಂಡರಂತೂ ಬೊಬ್ಬೆ ಗ್ಯಾರಂಟಿ. ಹಾಗಂತ ಪೂರ್ತಿ ಬರಿಗೈಯಲ್ಲಿ ಹೋಗುವುದೂ ಬೇಡ. ತೆಳು ಅಡಿಯ, ಹಿಮ್ಮಡಿಗೆ ಪಟ್ಟಿ ಇರುವ, ಹಗುರವಾದ ಸ್ಯಾಂಡಲ್ ಒಂದು ಜೊತೆ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳಿ. ಹವಾಯಿ ಚಪ್ಪಲಿ ಆಗುವುದಿಲ್ಲ, ಅದು ಜಾರದಿರಲಿ ಅಂತ ಬೆರಳುಗಳು ಬಿಗಿ ಹಿಡಿಯುತ್ತವೆ, ಹೆಜ್ಜೆ ಕೆಡುತ್ತದೆ. ಆ ಸ್ಯಾಂಡಲ್‌ನಲ್ಲಿ ಈ ಏಳು ವಾರದಲ್ಲಿ ಕೆಲವು ಸಲ ಓಡಿ ನೋಡಿರಬೇಕು. ದಾರಿಯಲ್ಲಿ ಕಾಲು ಉರಿದರೆ, ರಸ್ತೆ ಕೆಟ್ಟಿದ್ದರೆ ನಿಂತು ಹಾಕಿಕೊಳ್ಳಿ, ಮುಂದೆ ಓಡಿ.

ಇದರಲ್ಲಿ ಸೋಲು ಏನೂ ಇಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದರು, 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ. ಸಂಜೆ ಶುರುವಾಗಿ ಕತ್ತಲಾದ ಮೇಲೆ ಮುಗಿದ ಓಟ ಅದು. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಅವರೇ ಶೂ ಹಾಕಿ ಓಡಿ ಮತ್ತೆ ಗೆದ್ದರು, ಇನ್ನೂ ಬೇಗ, 2 ಗಂಟೆ 12 ನಿಮಿಷದಲ್ಲಿ. ಹರಕೆಯಾ ಅಂತ ಕೇಳಿದವರಿಗೆ ಇದನ್ನೇ ಹೇಳಿ. ಹರಕೆಯಾದರೆ ನಡುವೆ ಬಿಡುವ ಹಾಗಿಲ್ಲ. ನಿಮ್ಮದು ಅಭ್ಯಾಸ, ಬೇಕಾದಾಗ ಚಪ್ಪಲಿ ಮೆಟ್ಟಬಹುದು.

ಬರಿಗಾಲಲ್ಲಿ ಓಡಲು ನಿಯಮದ ಅಡ್ಡಿಯೂ ಇಲ್ಲ. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲೇ ಬರಿಗಾಲಲ್ಲಿ, ಒಂದು ಕಾಲಿಗೆ ಅಥವಾ ಎರಡೂ ಕಾಲಿಗೆ ಶೂ ಹಾಕಿ ಸ್ಪರ್ಧಿಸಬಹುದು ಅಂತ ಇದೆ. ಆದರೂ ನಡೆಸುವವರಿಗೆ ಮೊದಲೇ ಒಂದು ಫೋನ್ ಮಾಡಿ, ಸಮಯ ಅಳೆಯುವ ಚಿಪ್ ಎಲ್ಲಿರುತ್ತದೆ ಕೇಳಿ. ಬಿಬ್ (ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ) ಹಿಂದೆ ಅಂಟಿಸಿದ್ದರೆ ಸರಿ. ಶೂ ಲೇಸಿಗೆ ಕಟ್ಟುವಂಥದ್ದಾದರೆ ಗಿಣ್ಣಿಗೆ ಕಟ್ಟಲು ಒಂದು ಮೆತ್ತನೆಯ ಪಟ್ಟಿ ತಯಾರಿಟ್ಟುಕೊಳ್ಳಿ.

ಚರ್ಮದ ಆರೈಕೆ ಈಗಲೇ ಶುರುವಾಗಲಿ. ನಮ್ಮ ಕಡೆ ಚಳಿಗಾಲದ ಒಣಹವೆಗೆ ಹಿಮ್ಮಡಿ ಒಡೆಯುತ್ತದೆ. ಒಡೆದ ಸೀಳಿನೊಳಗೆ ಗರಸಿನ ದೂಳು ಕೂತರೆ ಓಡುವಾಗ ರಕ್ತ ಬರುತ್ತದೆ. ರಾತ್ರಿ ಕಾಲು ತೊಳೆದು ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ ಮಲಗಿ. ದಪ್ಪ ದಡ್ಡು ನಮ್ಮ ಗುರಿಯಲ್ಲ. ಒಳ್ಳೆಯ ಅಂಗಾಲು ಗಟ್ಟಿಯಾಗಿಯೂ ಇರುತ್ತದೆ, ಮಣಿಯುವ ಹಾಗೂ ಇರುತ್ತದೆ. ಅಂಚಿನಲ್ಲಿ ಎದ್ದ ಗಡುಸು ಚರ್ಮವನ್ನು ವಾರಕ್ಕೊಮ್ಮೆ ಮೆಲ್ಲಗೆ ತಿಕ್ಕಿ. ರೇಸ್ ಹಿಂದಿನ ಮೂರು ದಿನ ತಿಕ್ಕಬೇಡಿ, ರೇಸ್ ದಿನ ಬೆಳಗ್ಗೆ ಎಣ್ಣೆ ಹಚ್ಚಬೇಡಿ.

ಟೆಟನಸ್ ಇಂಜೆಕ್ಷನ್ ಯಾವಾಗ ತಗೊಂಡಿದ್ದು ನೆನಪಿದೆಯಾ? 10 ವರ್ಷಕ್ಕೊಮ್ಮೆ ಬೂಸ್ಟರ್ ಬೇಕು. ಕೊಳಕಾದ ಗಾಯವಾದರೆ, ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೂ ಹಾಕಿಸಿಕೊಳ್ಳಬೇಕು. ಬಯಲಿಗೆ ಹೋಗುವ ಜಾಗದ ಒದ್ದೆ ಮಣ್ಣಿನಲ್ಲಿ ಕಾಲಿಡಬೇಡಿ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮ ತೂರಿಯೇ ಮೈಯೊಳಗೆ ಹೋಗುತ್ತವೆ.

ಮುಳ್ಳಿನ ವಿಷಯ. ಬಳ್ಳಾರಿ ಜಾಲಿ ನಮ್ಮ ಕಡೆ ರಸ್ತೆ ಪಕ್ಕ, ಕಾಲುವೆ ಪಕ್ಕ ಎಲ್ಲಾ ಕಡೆ ಇದೆ. ಅದರ ಮುಳ್ಳು ಉದ್ದ, ಒಳಗೆ ಹೋಗಿ ಮುರಿಯುತ್ತದೆ. ನೆಗ್ಗಿಲು ಚಿಕ್ಕದು, ಆದರೆ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಚುಚ್ಚಿದರೆ ಅಲ್ಲೇ ನಿಂತು ತೆಗೆಯಿರಿ, ಇನ್ನು ಎರಡು ಹೆಜ್ಜೆ ಓಡಿದರೂ ಒಳಗೆ ಇಳಿಯುತ್ತದೆ. ಮನೆಗೆ ಬಂದು ಸೋಪು ನೀರಿನಲ್ಲಿ ತೊಳೆಯಿರಿ. ಚೂರು ಒಳಗೆ ಉಳಿದರೆ ಎಕ್ಕದ ಹಾಲು ಹಚ್ಚು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ಎಕ್ಕದ ಹಾಲು ಚರ್ಮವನ್ನೇ ಸುಡುತ್ತದೆ. ಅದೇ ಕೈ ಕಣ್ಣಿಗೆ ತಾಗಿದರೆ ಇನ್ನೂ ಅಪಾಯ. ಮೇಲೆ ಕಾಣುತ್ತಿದ್ದರೆ ಕಾಯಿಸಿ ಆರಿಸಿದ ಸೂಜಿಯಿಂದ ತೆಗೆಯಿರಿ. ಆಳಕ್ಕೆ ಹೋಗಿದ್ದರೆ, ಕೀಲಿನ ಹತ್ತಿರ ಇದ್ದರೆ, ಎರಡು ದಿನ ಕಳೆದರೂ ಬಾವು ಇಳಿಯದಿದ್ದರೆ ಡಾಕ್ಟರೇ ತೆಗೆಯಬೇಕು.

ಈಗ ರೇಸ್ ದಿನ. ಸಾಧ್ಯವಾದರೆ ಹಿಂದಿನ ದಿನವೇ ಕಂಪ್ಲಿ ಮೇಲೆ ಬಳ್ಳಾರಿಗೆ ಹೋಗಿ, ಓಟದ ದಾರಿಯನ್ನು ಗಾಡಿಯಲ್ಲಿ ಒಂದು ಸುತ್ತು ನೋಡಿ. ಅಗೆದ ರಸ್ತೆ, ಕಡಿ ಚೆಲ್ಲಿದ ತಿರುವು, ಹಂಪ್ ಎಲ್ಲೆಲ್ಲಿವೆ ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಇದು ಯಾಕೆ ಮುಖ್ಯ ಅಂದರೆ, ಜನವರಿ ಕೊನೆಗೆ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6:50ಕ್ಕೆ. ಓಟ 6ಕ್ಕೆ ಶುರುವಾದರೆ ಮೊದಲ ಕಿಲೋಮೀಟರುಗಳನ್ನು ಕತ್ತಲಲ್ಲಿ, ಬೀದಿದೀಪದ ಬೆಳಕಲ್ಲಿ ಓಡುತ್ತೀರಿ. ಗಾಜು ಕಾಣುವುದಿಲ್ಲ. ಚಳಿಗೆ ಅಂಗಾಲು ಸ್ವಲ್ಪ ಮರಗಟ್ಟಿರುತ್ತದೆ, ಸ್ಪರ್ಶವೂ ಕಡಿಮೆ ಇರುತ್ತದೆ. ಅದಕ್ಕೆ ಶುರುವಾಗುವ ಮೊದಲು ಹತ್ತು ನಿಮಿಷ ಅದೇ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದಾಡಿ, ಪಾದ ಬೆಚ್ಚಗಾಗಲಿ.

ವೇದಿಕೆ ಮೇಲೆ ಹಾಡು ಹಾಕಿ ಜುಂಬಾ ಮಾಡಿಸುತ್ತಾರೆ. ಎಲ್ಲರೂ ಕುಣಿಯುವಾಗ ಕಾಲು ನಿಲ್ಲುವುದಿಲ್ಲ. ಕೈ ಎತ್ತಿ ಕುಣಿಯಿರಿ, ಜಿಗಿಯಬೇಡಿ. ಬರಿಗಾಲಲ್ಲಿ ಡಾಂಬರಿನ ಮೇಲೆ ಹತ್ತು ನಿಮಿಷ ಜಿಗಿದರೆ ಮೀನಖಂಡದ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ.

ಸ್ಟಾರ್ಟ್ ಗೆರೆಯಲ್ಲಿ ಹಿಂದೆ, ಒಂದು ಬದಿಗೆ ನಿಂತುಕೊಳ್ಳಿ. ಗುಂಪಿನ ನಡುವೆ ಯಾರದಾದರೂ ಶೂ ಬೆರಳ ಮೇಲೆ ಬಿದ್ದರೆ ಓಟ ಅಲ್ಲಿಗೇ ಮುಗಿಯಿತು. ಗುಂಪು ಚದುರುವ ತನಕ ನಿಧಾನವಾಗಿ ಹೋಗಿ. ಮೊದಲ ಕಿಲೋಮೀಟರಿನಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ. ಮೊದಲ ರೇಸಿನಲ್ಲಿ ಉತ್ಸಾಹಕ್ಕೆ ವೇಗ ಹೆಚ್ಚುವುದು ಎಲ್ಲರಿಗೂ ಆಗುತ್ತದೆ. ಶೂ ಇದ್ದವರಿಗೆ ಅದರಿಂದ ಬರುವುದು ಬರೀ ಏದುಸಿರು. ನಿಮಗೆ ಹೆಜ್ಜೆ ಉದ್ದವಾಗುತ್ತದೆ, ನೆಲ ಒದೆಯುವುದು ಶುರುವಾಗುತ್ತದೆ, ಮೂರನೇ ಕಿಲೋಮೀಟರಿಗೆ ಹೆಬ್ಬೆರಳು ಉರಿಯುತ್ತದೆ.

ರಸ್ತೆಯಲ್ಲಿ ಜಾಗ ಆರಿಸಿಕೊಳ್ಳುವುದೂ ಒಂದು ವಿದ್ಯೆ. ಅಂಚಿಗೆ ಹೋಗಬೇಡಿ. ಕಡಿ, ಮರಳು, ಗಾಜು ಎಲ್ಲ ಅಲ್ಲೇ ಸೇರುತ್ತವೆ, ರಸ್ತೆಯೂ ಅಲ್ಲಿ ವಾಲಿರುತ್ತದೆ. ಗಾಡಿಗಳ ಟೈರ್ ಉರುಳುವ ಎರಡು ಪಟ್ಟಿಗಳನ್ನು ಗಮನಿಸಿ ನೋಡಿ, ಬಣ್ಣವೇ ಸ್ವಲ್ಪ ಬೇರೆ ಇರುತ್ತದೆ. ಸಾವಿರಾರು ಟೈರು ಉರುಳಿ ಅಲ್ಲಿ ಡಾಂಬರು ನುಣುಪಾಗಿದೆ, ಕಸ ಪಕ್ಕಕ್ಕೆ ಸರಿದಿದೆ. ಅದರಲ್ಲೇ ಓಡಿ. ಬಿಳಿ ಗೆರೆ ಸಿಕ್ಕರೆ ಇನ್ನೂ ಒಳ್ಳೆಯದು. ಅದು ನುಣುಪು, ಬಿಸಿಲೇರಿದ ಮೇಲೂ ಪಕ್ಕದ ಕಪ್ಪು ಡಾಂಬರಿಗಿಂತ ತಂಪು. ಬರಿಗಾಲಲ್ಲಿ ಓಡುವವರೆಲ್ಲ ಬಿಳಿ ಗೆರೆ ಹುಡುಕಿಕೊಂಡು ಓಡುತ್ತಾರೆ. ಒದ್ದೆಯಾಗಿದ್ದರೆ ಮಾತ್ರ ಅದರ ಮೇಲೆ ಕಾಲಿಡಬೇಡಿ, ಜಾರುತ್ತದೆ. ಕಣ್ಣು ಮೂರು ನಾಲ್ಕು ಮೀಟರ್ ಮುಂದಿರಲಿ. ಕಾಲಬುಡ ನೋಡುತ್ತಾ ಓಡಿದರೆ ಕುತ್ತಿಗೆ ನೋಯುತ್ತದೆ, ತಪ್ಪಿಸಿಕೊಳ್ಳಲು ಸಮಯವೂ ಸಿಗುವುದಿಲ್ಲ.

ನೀರು ಕೊಡುವ ಜಾಗದಲ್ಲಿ ನೆಲ ಒದ್ದೆ ಇರುತ್ತದೆ, ಲೋಟ ಬಿದ್ದಿರುತ್ತವೆ. ಒದ್ದೆಯಾದ ಚರ್ಮ ಬೇಗ ಬೊಬ್ಬೆ ಏಳುತ್ತದೆ. ನೀರು ಬೇಕಿದ್ದರೆ ಮೇಜು ಶುರುವಾಗುವ ಕಡೆಯೇ ನಿಂತು ಕುಡಿದು, ಆಚೆ ಬದಿಯಿಂದ ಬಳಸಿ ಹೋಗಿ. ಯೂ-ಟರ್ನ್ ಇದ್ದರೆ ಕೋನ್ ಹತ್ತಿರ ಒಂದೇ ಕಾಲ ಮೇಲೆ ಗಿರಕ್ಕನೆ ತಿರುಗಬೇಡಿ. ಆ ಒಂದು ತಿರುವು ಮುಂಗಾಲಿನ ಚರ್ಮವನ್ನೇ ಕಿತ್ತುಬಿಡುತ್ತದೆ. ಅಗಲವಾಗಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಸುತ್ತಿ ಬನ್ನಿ. ಎರಡು ಮೂರು ಸೆಕೆಂಡ್ ಹೋದರೆ ಹೋಗಲಿ. ಕೊನೆಯ ನೂರು ಮೀಟರಿಗೂ ಇದೇ ಮಾತು. ಜನ ಚಪ್ಪಾಳೆ ತಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ, ಜೋರಾಗಿ ನುಗ್ಗಬೇಕು ಅನ್ನಿಸುತ್ತದೆ. ವೇಗ ಬೇಕಿದ್ದರೆ ಹೆಜ್ಜೆ ಬೇಗ ಬೇಗ ಹಾಕಿ, ಉದ್ದ ಹಾಕಬೇಡಿ.

ಕಾಲು ಬಿಸಿಯಾಗಿದೆ ಅನ್ನಿಸಿದರೆ ಸ್ಯಾಂಡಲ್ ಹಾಕಿಕೊಳ್ಳಿ. ಪಾದದ ಮೇಲ್ಭಾಗದ ಮೂಳೆಯಲ್ಲಿ ಚುಚ್ಚಿದಂಥ ನೋವು ಬಂದರೆ ಸ್ಯಾಂಡಲ್ ಕೂಡ ಉತ್ತರವಲ್ಲ. ಅಲ್ಲೇ ನಿಲ್ಲಿಸಿ, ನಡೆದು ಬನ್ನಿ. ಮುಗಿಸಲೇಬೇಕು ಅಂತ ಹಟ ಮಾಡುವಷ್ಟು ದೊಡ್ಡದು ಯಾವ ಮೆಡಲ್ಲೂ ಅಲ್ಲ.

ಮುಗಿದ ಮೇಲೆ ಕಾಲು ತೊಳೆದು ಒರೆಸಿ, ಮೊಬೈಲ್ ಟಾರ್ಚ್ ಹಾಕಿ ಅಂಗಾಲನ್ನು ಇಂಚಿಂಚು ನೋಡಿ. ಓಟದ ಗುಂಗಿನಲ್ಲಿ ಸಣ್ಣ ಗಾಜು ಚುಚ್ಚಿದ್ದು ಗೊತ್ತಾಗಿರುವುದಿಲ್ಲ. ಮೂರು ನಾಲ್ಕು ದಿನ ಓಟ ಬೇಡ, ನಡಿಗೆ ಸಾಕು. ಬೆರಳಿಂದ ಒತ್ತಿ ನೋಡುವ ಪರೀಕ್ಷೆಯನ್ನು ಒಂದು ವಾರ ಪ್ರತಿ ರಾತ್ರಿ ಮಾಡಿ, ಏಕೆಂದರೆ ಮೂಳೆಯ ನೋವು ಓಟದ ದಿನ ಸುಮ್ಮನಿದ್ದು ಆಮೇಲೆ ತಲೆ ಎತ್ತಬಹುದು.

10 ಕಿ.ಮೀ. ಆಸೆ ಬಿಡಬೇಡಿ. ಫೆಬ್ರವರಿಯಿಂದ ಡಾಂಬರಿನ ಓಟವನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಮಾರ್ಚ್ ಬಂದರೆ ನಮ್ಮ ಕಡೆ ಬಿಸಿಲು ಗೊತ್ತೇ ಇದೆಯಲ್ಲ, ಮಧ್ಯಾಹ್ನದ ಡಾಂಬರು 60 ಡಿಗ್ರಿ ದಾಟುತ್ತದೆ, ಅಂಗಾಲು ಸುಡುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಏಳೂವರೆಯೊಳಗೆ ಮನೆ ಸೇರುವ ಹಾಗೆ ಓಡಿ, ಸಂಜೆ ಓಟ ಬೇಡ, ರಸ್ತೆ ಆರಲು ರಾತ್ರಿಯಾಗುತ್ತದೆ. ಹೀಗೆ ಮಳೆಗಾಲ ದಾಟಿಸಿದರೆ ಮುಂದಿನ ನವೆಂಬರ್ ಹೊತ್ತಿಗೆ ನಿಮ್ಮ ಬರಿಗಾಲಿಗೆ ಒಂದು ವರ್ಷ ತುಂಬಿರುತ್ತದೆ. ಆಗ 10ಕ್ಕೆ ಹೆಸರು ಕೊಡಿ, ನಾನೇ ಓಡಿ ಅನ್ನುತ್ತೇನೆ.